ಶ್ರುತಿಕವೆ ಹೇಳದೆ ಬಿಟ್ಟದ್ದು

ಚಿಕ್ಕಮಗಳೂರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ ನಾನು ಬಹಳವಾಗಿ ನಂಬಿದ್ದು ಸೆಕೆಂಡಿಗೆ 512 ಸಲ ಕಂಪಿಸುವ ಲೋಹದ ಕವಲು, ಅಂದರೆ 512 ಹರ್ಟ್ಸ್‌ನ ಶ್ರುತಿಕವೆಯನ್ನು. ಅದನ್ನು ಮಿಡಿದು ಕಿವಿಯ ಹಿಂದಿನ ಮೂಳೆಗೆ ಊರಿದರೆ ಕಂಪನವು ತಲೆಬುರುಡೆಯ ಮೂಲಕವೇ ಒಳಗಿವಿಯನ್ನು ಮುಟ್ಟುತ್ತದೆ. ಕಿವಿಯ ಮುಂದೆ ಹಿಡಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳವನ್ನು ದಾಟಿ, ತಮಟೆಯನ್ನು ಅಲುಗಿಸಿ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳನ್ನು ಹಾದು ಹೋಗಬೇಕಾಗುತ್ತದೆ. ಮೂಳೆಯ ದಾರಿಯೇ ಜೋರಾಗಿ ಕೇಳಿಸಿದರೆ ತೊಂದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ ಎಂದರ್ಥ. ನೆಗಡಿಯಿದ್ದಾಗ ಧರ್ಮಸ್ಥಳಕ್ಕೆಂದು ಚಾರ್ಮಾಡಿ ಘಾಟಿ ಇಳಿದು ಕಿವಿ ಕಟ್ಟಿಸಿಕೊಂಡು ಬಂದವರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ: ಗಂಟಲನ್ನೂ ನಡುಗಿವಿಯನ್ನೂ ಕೂಡಿಸುವ ಯೂಸ್ಟೇಷಿಯನ್ ನಾಳ ಊದಿಕೊಂಡು ತೆರೆಯದೆ, ಹೊರಗಿನ ಗಾಳಿಯ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳಿರುತ್ತದೆ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಹಲವು ವರ್ಷ ಕಳೆ ಹೊಡೆಯುವ ಮೆಷಿನ್ ನಡೆಸಿದ್ದವರೊಬ್ಬರು ಒಮ್ಮೆ ಬಂದು, “ಡಾಕ್ಟ್ರೇ, ಮಾತು ಕೇಳ್ತದೆ, ಏನಂದ್ರು ಅಂತ ಗೊತ್ತಾಗಲ್ಲ” ಎಂದರು. ಶ್ರುತಿಕವೆಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಕಿವಿ ಚೆನ್ನಾಗಿದೆ ಎಂದು ಹೇಳಿ ಕಳುಹಿಸಿಬಿಟ್ಟೆ. ವರ್ಷದ ಬಳಿಕ ಮಗಳೊಂದಿಗೆ ಮತ್ತೆ ಬಂದಾಗ ಆಡಿಯೋಗ್ರಾಂ, ಅಂದರೆ ಬೇರೆ ಬೇರೆ ಸ್ವರಗಳಲ್ಲಿ ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ, ಮಾಡಿಸಿದೆ. 4000 ಹರ್ಟ್ಸ್ ಬಳಿ ಗೆರೆ ಆಳಕ್ಕೆ ಕುಸಿದಿತ್ತು: ಆ ತಾರಸ್ವರ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿದ್ದು, ಬಿಚ್ಚಿ ಹಾಸಿದರೆ 35 ಮಿಲಿಮೀಟರಿನಷ್ಟಾಗುತ್ತದೆ. ಅದರ ಬುಡದ ಪೊರೆ ತಾರಸ್ವರಕ್ಕೂ ತುದಿಯ ಪೊರೆ ಮಂದ್ರಸ್ವರಕ್ಕೂ ಹೆಚ್ಚು ಕಂಪಿಸುತ್ತದೆ. ಧ್ವನಿಯ ಅಲೆ ಈ ಪೊರೆಯ ಮೇಲೆ ಹರಿಯುವ ಬಗೆಯನ್ನು ತೋರಿಸಿಕೊಟ್ಟ ವಿಜ್ಞಾನಿ ಬೇಕೇಶಿಯವರಿಗೆ 1961ರಲ್ಲಿ ನೊಬೆಲ್ ಬಂತು. ಮೆಷಿನ್ನಿನ ಸದ್ದು ಮೊದಲು ಕೊಲ್ಲುವುದು ಬುಡದ ಕಡೆಯ ರೋಮಕೋಶಗಳನ್ನು, ಅಂದರೆ ಕಂಪನವನ್ನು ನರದ ಸಂಕೇತವಾಗಿಸುವ ಕೋಶಗಳನ್ನು; ನನ್ನ ಶ್ರುತಿಕವೆ ಅಲುಗಿಸುವುದು ಅದಕ್ಕಿಂತ ಬಹಳ ತುದಿಯ ಕಡೆಗಿರುವ ಭಾಗವನ್ನು. ಸ್ವರಾಕ್ಷರಗಳ ಬಲ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿದ್ದು, ಸಕಾರ, ಶಕಾರಗಳು ಮೇಲಿನ ಕಂಪನಗಳಲ್ಲಿ ಇರುವುದರಿಂದ ಆ ತೋಟದವರಿಗೆ ದನಿ ಕೇಳಿಸುತ್ತಿತ್ತು, ಪದ ಬಿಡಿಸಿಕೊಳ್ಳುತ್ತಿರಲಿಲ್ಲ. ತಮ್ಮ ತೊಂದರೆಯನ್ನು ಅವರು ಮೊದಲ ದಿನವೇ ನನಗಿಂತ ಸರಿಯಾಗಿ ಹೇಳಿದ್ದರು.

ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ನನ್ನ ಮಾತು ನಂಬಿ ಅವರು ಆ ಒಂದು ವರ್ಷವೂ ಕಿವಿಗೆ ಏನನ್ನೂ ಹಾಕದೆ ಮೆಷಿನ್ ನಡೆಸಿದ್ದು ಇಂದಿಗೂ ನನ್ನನ್ನು ಕಾಡುತ್ತದೆ. ಈಗ ತೋಟದ ಯಂತ್ರಗಳ ಬಳಿ ದುಡಿಯುವವರು ಯಾರೇ ಬಂದರೂ, ಶ್ರುತಿಕವೆಯ ಉತ್ತರ ಏನೇ ಇರಲಿ, ಆಡಿಯೋಗ್ರಾಂ ಮಾಡಿಸದೆ ಕಳುಹಿಸುವುದಿಲ್ಲ. ಆ ಮೂಡಿಗೆರೆ ಕಡೆಯವರಿಗೆ ಶ್ರವಣಯಂತ್ರ ಹೊಂದಿಸಿ, ಕೆಲಸದ ಹೊತ್ತಿನಲ್ಲಿ ಅದನ್ನು ತೆಗೆದಿಟ್ಟು ಸದ್ದು ತಡೆಯುವ ಕಿವಿಮುಚ್ಚಳ ಹಾಕಿಕೊಳ್ಳಲು ಹೇಳಿದೆವು. ಮುಂದಿನ ವಾರ, ಅದೇ ತೋಟದಲ್ಲಿ ಮೆಷಿನ್ ಹಿಡಿಯುವ ಇನ್ನಿಬ್ಬರನ್ನು ಅವರೇ ಕರೆದುಕೊಂಡು ಬಂದರು.