ಕ್ಯಾಂಡಲ್ ಹಚ್ಚಿದ್ರಾ?

ಮೂರು ವರ್ಷದ ಹಿಂದಿನ ಮೇ ತಿಂಗಳು. ಕಲಬುರಗಿಯ ಸೇಡಂ ರಸ್ತೆ ಕಡೆ ಇರುವ ನನ್ನ ಗೆಳತಿಯ ಅತ್ತೆ ರಾತ್ರಿ ಊಟಕ್ಕೆ ಕರೆದಿದ್ದರು. ಊಟಕ್ಕೆ ಕರೆದವರ ಮನೆಗೆ ಖಾಲಿ ಕೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಆ ಮನೆಯಲ್ಲಿ ಇಬ್ಬರಿಗೆ ಶುಗರ್. ಸ್ವೀಟ್ ಬಾಕ್ಸ್ ಒಯ್ದರೆ ಅದು ಮರುದಿನ ಪಕ್ಕದ ಮನೆಗೆ ಹೋಗುತ್ತದೆ. ಹಾಗಾಗಿ ಲ್ಯಾವೆಂಡರ್ ವಾಸನೆಯ ಒಂದು ಕ್ಯಾಂಡಲ್ ಒಯ್ದೆ. ಗಾಜಿನ ಡಬ್ಬಿ, ಮೇಲೊಂದು ಮುಚ್ಚಳ, ಚೆಂದದ ರಿಬ್ಬನ್.

ಹದಿನೈದು ದಿನ ಬಿಟ್ಟು ಫೋನಿನಲ್ಲಿ ಕೇಳಿದೆ, "ಅತ್ತಿ, ಹಚ್ಚಿದ್ರಾ?"

"ಹಚ್ಚೀನ್ಯವ್ವ. ದಿನಾ ಮಲಗೋ ಮುಂದ ಹಚ್ಚತೀನಿ. ಹಿಮ್ಮಡಿ ಒಡದಿದ್ದು ಭಾಳ ಕಡಿಮಿ ಆಗ್ಯಾದ. ಆದ್ರ ಸ್ವಲ್ಪ ಗಟ್ಟಿ ಅದ ನೋಡು ಕ್ರೀಮು."

ನನಗೆ ಒಂದು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ತಲೆಗೆ ಹೊಳೆಯಿತು. ಮಧ್ಯಾಹ್ನ ಅಂಗಡಿಯಲ್ಲಿ ಕೊಂಡ ಕ್ಯಾಂಡಲ್ ಸಂಜೆವರೆಗೂ ಸ್ಕೂಟಿಯ ಡಿಕ್ಕಿಯಲ್ಲೇ ಇತ್ತು. ಮೇಲೆ ನಮ್ಮೂರ ಬಿಸಿಲು, ಕೆಳಗೆ ಎಂಜಿನ್ ಕಾವು. ಸೋಯಾ ಮೇಣ ಸುಮಾರು 50 ಡಿಗ್ರಿಗೆ ಕರಗುತ್ತದೆ. ಹೊರಗೇ 42, 43 ಇದ್ದಾಗ ಡಿಕ್ಕಿಯೊಳಗೆ ಎಷ್ಟಿರಬೇಡ? ಮೇಣ ಪೂರ್ತಿ ನೀರಾಗಿದೆ. ತಳಕ್ಕೆ ಅಂಟಿಸಿದ್ದ ಬತ್ತಿ ಕಿತ್ತುಕೊಂಡು ಅಡ್ಡ ಬಿದ್ದು ಮುಳುಗಿದೆ. ಅವರ ಮನೆಯ ಎಸಿಯಲ್ಲಿ ಮೇಣ ಮತ್ತೆ ಗಟ್ಟಿಯಾಗಿ, ಮೇಲ್ಭಾಗ ಕೋಲ್ಡ್ ಕ್ರೀಮಿನ ಹಾಗೆ ಸಪಾಟಾಗಿದೆ. ಬತ್ತಿಯೇ ಕಾಣದಿದ್ದರೆ ಅದನ್ನು ಯಾರು ತಾನೇ ಕ್ಯಾಂಡಲ್ ಅಂತಾರೆ? ನಾನಂತೂ ಮುಚ್ಚಳ ತೆಗೆದು ನೋಡದೆ ಕೊಟ್ಟಿದ್ದೆ.

ಅವತ್ತಿನಿಂದ ಊಟಕ್ಕೆ ಕರೆದವರಿಗೆ ಕ್ಯಾಂಡಲ್ ಆಯ್ದುಕೊಳ್ಳುವುದನ್ನು ನಾನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡೆ. ಮಾರ್ಚ್‌ನಿಂದ ಜೂನ್ ಮಳೆ ಬೀಳುವವರೆಗೆ ಕ್ಯಾಂಡಲ್ ಕೊಡುವುದೇ ಇಲ್ಲ. ಆ ಕಾಲದಲ್ಲಿ ಖ್ವಾಜಾ ಬಂದೇನವಾಜ್ ದರ್ಗಾ ಹತ್ತಿರದ ಅತ್ತರ್ ಅಂಗಡಿಗೆ ಹೋಗಿ ಒಂದು ಸಣ್ಣ ಸೀಸೆ ಖಸ್, ಅಂದರೆ ನಮ್ಮ ಲಾವಂಚದ ಅತ್ತರ್ ತರುತ್ತೇನೆ. ಇಲ್ಲವೇ ಮಿಟ್ಟಿ ಅತ್ತರ್. ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಉತ್ತರ ಪ್ರದೇಶದ ಕನೌಜಿನಲ್ಲಿ ಮಾಡುವಂಥದ್ದು, ಮೊದಲ ಮಳೆಯ ವಾಸನೆ. ಮೇ ತಿಂಗಳಲ್ಲಿ ಅದನ್ನು ಮೂಸಿದವರ ಮುಖ ನೋಡಬೇಕು! ದೀಪಾವಳಿಯಿಂದ ಶಿವರಾತ್ರಿವರೆಗೆ ಮಾತ್ರ ಕ್ಯಾಂಡಲ್. ಆಗಲೂ ಡಿಕ್ಕಿಗೆ ಹಾಕುವುದಿಲ್ಲ, ಬಟ್ಟೆ ಚೀಲದಲ್ಲಿಟ್ಟು ಹ್ಯಾಂಡಲ್‌ಗೆ ನೇತುಹಾಕುತ್ತೇನೆ. ಮೊದಲೇ ಕೊಂಡಿಟ್ಟಿದ್ದರೆ ಒಳಗಿನ ಗೋಡೆಯ ಕಪಾಟಿನಲ್ಲಿ ಇಡುತ್ತೇನೆ. ಫ್ರಿಜ್ಜಿನಲ್ಲಿ ಒಮ್ಮೆ ಇಟ್ಟು ನೋಡಿದೆ. ಮೇಣ ಸೀಳು ಬಿಟ್ಟು ಗಾಜಿನಿಂದ ಬೇರೆಯಾಯಿತು.

ಇನ್ನು ವಾಸನೆ. ಇಲ್ಲೂ ಒಂದು ಪೆಟ್ಟು ತಿಂದ ಮೇಲೇ ಬುದ್ಧಿ ಬಂತು. ಒಬ್ಬ ಸಹೋದ್ಯೋಗಿಯ ಮನೆಗೆ ವೆನಿಲ್ಲಾ ಕ್ಯಾಂಡಲ್ ಒಯ್ದಿದ್ದೆ. ಪಾಪ, ಅವರು ಗೌರವಕ್ಕೆ ಅಂತ ಆಗಲೇ ಹಚ್ಚಿ ಊಟದ ಟೇಬಲ್ ನಡುವೆ ಇಟ್ಟುಬಿಟ್ಟರು. ಎದುರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಹತ್ತು ನಿಮಿಷದಲ್ಲಿ ಬದನೆಕಾಯಿಗೆ ಐಸ್‌ಕ್ರೀಂ ವಾಸನೆ ಬರತೊಡಗಿತು. ಹುಳಿ ಪುಂಡಿ ಪಲ್ಯವನ್ನು ವೆನಿಲ್ಲಾ ಜೊತೆ ತಿಂದಿದ್ದೀರಾ? ತಿನ್ನಬೇಡಿ. ಬೆಳ್ಳುಳ್ಳಿ ಒಗ್ಗರಣೆಯನ್ನು ಮುಚ್ಚುವಷ್ಟು ಸೆಂಟು ಊಟದ ಹೊತ್ತಿಗೆ ಯಾರಿಗೂ ಬೇಡ. ಈಗ ಕೊಡುವಾಗಲೇ ಹೇಳಿಬಿಡುತ್ತೇನೆ: "ಇದು ಇವತ್ತಿಗಲ್ಲ ರೀ, ನಾಳೆಗೆ. ನಾವೆಲ್ಲ ಹೋದ ಮೇಲೆ ಆರಾಮಾಗಿ ಹಚ್ಚಿಕೊಳ್ಳಿ." ಅದರಿಂದ ಇನ್ನೊಂದು ಲಾಭವೂ ಇದೆ. ಕುಕ್ಕರ್ ಕೂಗುವಾಗ, ರೊಟ್ಟಿ ಬಡಿಯುವಾಗ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿರುವ ಹೆಣ್ಣುಮಗಳು ನನ್ನ ಉಡುಗೊರೆಗೆ ಬೆಂಕಿಪೊಟ್ಟಣ ಹುಡುಕುವುದು ತಪ್ಪುತ್ತದೆ.

ಹಾಗಾಗಿ ಈಗ ಮರುದಿನ ಬೆಳಗ್ಗೆಯ ಮನೆಯನ್ನು ನೆನೆದು ವಾಸನೆ ಆಯ್ದುಕೊಳ್ಳುತ್ತೇನೆ. ರಾತ್ರಿಯ ಎಣ್ಣೆ, ಮಸಾಲೆ ವಾಸನೆ ಇನ್ನೂ ಪರದೆಯಲ್ಲಿ ಕೂತಿರುತ್ತದೆ ಅಲ್ವಾ? ಅದಕ್ಕೆ ನಿಂಬೆಹುಲ್ಲು, ಕಿತ್ತಳೆ ಸಿಪ್ಪೆ ಥರದ ಹಗುರ ವಾಸನೆ ಸರಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಮ್ಮ ಲಾವಂಚವೇ. ಕೂಲರಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಬಿಡುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಏನು ಅಂತ ಹೇಳಿಕೊಡಬೇಕಿಲ್ಲ. ಮಲ್ಲಿಗೆ ಕ್ಯಾಂಡಲ್ ಮಾತ್ರ ಮುಟ್ಟುವುದಿಲ್ಲ. ನಿಜವಾದ ಮಲ್ಲಿಗೆ ದಂಡೆ ದಿನಾ ಮುಡಿಯುವ ಊರಲ್ಲಿ ಮೇಣದ ಮಲ್ಲಿಗೆ ಬಾತ್‌ರೂಮ್ ಫ್ರೆಶನರ್ ಹಾಗೆ ಮೂಗಿಗೆ ಹೊಡೆಯುತ್ತದೆ. ದಮ್ಮು ಇರುವವರು, ಎಳೆಗೂಸು ಇರುವ ಮನೆಗೆ ಯಾವ ಸೆಂಟೂ ಬೇಡ, ಹಣ್ಣೇ ಸರಿ.

ಅಂಗಡಿಯಲ್ಲಿ ಮೂರಕ್ಕಿಂತ ಜಾಸ್ತಿ ಮೂಸಬಾರದು. ನಾಲ್ಕನೆಯದಕ್ಕೆ ಮೂಗು ಸತ್ತಿರುತ್ತದೆ. ನಾನು ಸೂಪರ್ ಮಾರ್ಕೆಟ್ ಕಡೆ ಕೊಳ್ಳುವಾಗ ಮುಚ್ಚಳದ ಒಳಭಾಗವನ್ನು ಮೂಸುತ್ತೇನೆ. ಅಲ್ಲಿ ಕೂಡಿಕೊಂಡ ವಾಸನೆಯೇ ಕೋಣೆಯಲ್ಲಿ ಬರುವುದಕ್ಕೆ ಹತ್ತಿರ. ಆಮೇಲೆ ಬತ್ತಿ ನೆಟ್ಟಗೆ ನಡುವೆ ಇದೆಯಾ ನೋಡುತ್ತೇನೆ. ಓರೆಯಿದ್ದರೆ ಗಾಜಿನ ಒಂದೇ ಬದಿ ಕಾಯುತ್ತದೆ. ತೂಕ 200 ಗ್ರಾಂ ಇದ್ದರೆ ಸಾಕು, ಸುಮಾರು 40 ತಾಸು ಉರಿಯುತ್ತದೆ. ಲಡ್ಡು, ಕಪ್‌ಕೇಕ್ ಆಕಾರದ ಕ್ಯಾಂಡಲ್ ದೀಪಾವಳಿಯಲ್ಲಿ ಬಹಳ ಬರುತ್ತವೆ. ತರಬೇಡಿ. ಒಂದು ಮನೆಯಲ್ಲಿ ನಾನು ಕೊಟ್ಟ ಲಡ್ಡುವನ್ನು ನಾಲ್ಕು ವರ್ಷದ ಹುಡುಗ ಕಚ್ಚಿಯೇ ಬಿಟ್ಟ. ಪುಣ್ಯಕ್ಕೆ ಆಗಲೇ ಉಗುಳಿದ.

ಒಂದು ಲಿಂಗಾಯತ ಮನೆಯಲ್ಲಿ ಅಜ್ಜಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಇದರಾಗ ಚರಬಿ ಅದ ಏನ್ರಿ?" ಒಳ್ಳೆಯ ಪ್ರಶ್ನೆ. ಮೇಣ ಗಟ್ಟಿಯಾಗಲಿ ಅಂತ ಹಾಕುವ ಸ್ಟಿಯರಿನ್ ತಾಳೆ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಗಳ ಕೊಬ್ಬಿನಿಂದಲೂ ಬರುತ್ತದೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಅದನ್ನು ದೇವರ ಮನೆಯಿಂದ ದೂರ ಶೋಕೇಸಿನಲ್ಲಿ ಇಟ್ಟರು. ಈಗ ಶಾಕಾಹಾರಿ ಮನೆಗೆ ಪೂರ್ತಿ ಸೋಯಾ ಅಂತ ಬರೆದಿದ್ದನ್ನೇ ಹುಡುಕುತ್ತೇನೆ. ಸುಮ್ನೆ 'ಸೋಯಾ' ಅಂತಷ್ಟೇ ಇದ್ದರೆ ಅಂಗಡಿಯವರನ್ನು ಕೇಳುತ್ತೇನೆ, ಯಾಕಂದರೆ ಪ್ಯಾರಾಫಿನ್ ಅನ್ನುವ ಪೆಟ್ರೋಲಿಯಂ ಮೇಣ, ಅದರ ಜೊತೆ ಸ್ಟಿಯರಿನ್ ಬೆರೆಸಿದ್ದೂ ಇರಬಹುದು. ಜೈನರ ಮನೆಗೆ ಜೇನುಮೇಣದ್ದು ಒಯ್ಯುವುದಿಲ್ಲ.

ಅದೇ ಅಜ್ಜಿ ಇನ್ನೊಂದು ಮಾತು ಕಲಿಸಿದರು. ಮೊಮ್ಮಗಳು ಕ್ಯಾಂಡಲನ್ನು ಉಫ್ ಅಂತ ಊದಲು ಹೋದಾಗ ಕೈ ಹಿಡಿದರು. "ದೀಪ ಊದಬಾರದು, ಶಾಂತ ಮಾಡಬೇಕು." ನನಗೂ ಅದು ಅನುಕೂಲವಾಯಿತು. ಊದಿದರೆ ಹೊಗೆ ಎದ್ದು ಇಡೀ ಕೋಣೆಗೆ ಸುಟ್ಟ ಬತ್ತಿಯ ವಾಸನೆ ಬರುತ್ತದೆ, ಮೇಣ ಸಿಡಿಯುತ್ತದೆ. ಡಬ್ಬಿಯ ಮುಚ್ಚಳ ಹಾಕಿದರೆ ಗಾಳಿ ಸಿಗದೆ ಜ್ವಾಲೆ ತಾನೇ ಶಾಂತವಾಗುತ್ತದೆ. ಅದಕ್ಕೇ ಗಾಜಿನ ಇಲ್ಲವೇ ತಗಡಿನ ಮುಚ್ಚಳ ಇರುವುದನ್ನೇ ಕೊಳ್ಳುತ್ತೇನೆ. ಮರದ್ದು, ಪ್ಲಾಸ್ಟಿಕ್ಕಿನದ್ದು ಬೇಡ.

ಡಬ್ಬಿಗೆ ಒಂದು ಚೀಟಿ ಕಟ್ಟುತ್ತೇನೆ, ನನ್ನ ಕೈಬರಹದಲ್ಲಿ. ಮೊದಲ ಸಲ ಹಚ್ಚಿದಾಗ ಅಂಚಿನವರೆಗೆ ಮೇಣ ಕರಗುವ ತನಕ ಬಿಡಿ. ಮೂರಿಂಚು ಅಗಲದ ಡಬ್ಬಿಗೆ ಹತ್ತಿರ ಹತ್ತಿರ ಮೂರು ತಾಸು ಬೇಕು. ಅರ್ಧ ತಾಸಿಗೇ ಆರಿಸಿದರೆ ಮುಂದೆ ನಡುವೆ ಮಾತ್ರ ಬಾವಿ ತೋಡಿದ ಹಾಗೆ ಉರಿಯುತ್ತಾ ಹೋಗಿ ಸುತ್ತಲಿನ ಮೇಣ ಹಾಗೇ ಉಳಿಯುತ್ತದೆ. ನಾಲ್ಕು ತಾಸು ದಾಟಿಸಬೇಡಿ. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಫ್ಯಾನ್ ಕೆಳಗೆ ಇಡಬೇಡಿ. ಜ್ವಾಲೆ ಒಂದು ಕಡೆ ಬಾಗಿ ಗಾಜು ಕಪ್ಪಾಗುತ್ತದೆ, ಗೋಡೆಗೂ ಮಸಿ ಹಿಡಿಯುತ್ತದೆ. ಚೀಟಿಯ ಮೊದಲ ಸಾಲು ಮಾತ್ರ ದೊಡ್ಡ ಅಕ್ಷರದಲ್ಲಿ ಇರುತ್ತದೆ: "ಇದು ಕ್ಯಾಂಡಲ್. ಬೆಂಕಿ ಹಚ್ಚಬೇಕು."

ಜೊತೆಗೆ ಉದ್ದ ಕಡ್ಡಿಯ ಒಂದು ಬೆಂಕಿಪೊಟ್ಟಣ. ಅರ್ಧ ಉರಿದ ಮೇಲೆ ಸಣ್ಣ ಕಡ್ಡಿ ತಳ ಮುಟ್ಟುವುದಿಲ್ಲ, ಬೆರಳು ಸುಡುತ್ತದೆ.

ಸೇಡಂ ರಸ್ತೆಯ ಅತ್ತೆಗೆ ಕಳೆದ ದೀಪಾವಳಿಗೆ ಸರಿಯಾದ ಲಾವಂಚದ ಕ್ಯಾಂಡಲ್ ಕೊಟ್ಟೆ, ಚೀಟಿ ಸಮೇತ. ಸಂಕ್ರಾಂತಿ ಎಳ್ಳು ಬೆಲ್ಲ ಕೊಡಲು ಬಂದಾಗ ಅದೇ ಗಾಜಿನ ಡಬ್ಬಿ ವಾಪಸ್ ತಂದಿದ್ದರು. ಖಾಲಿ ಡಬ್ಬಿ ಕೊಡಬಾರದಂತ ಮೇಲ್ತನಕ ಶೇಂಗಾ ಹಿಂಡಿ ತುಂಬಿದ್ದರು. ಮೂರು ಸಲ ಬಿಸಿನೀರಲ್ಲಿ ತೊಳೆದೆ ಅಂತ ಅವರು ಹೇಳಿದರು. ಹಿಂಡಿಗೆ ಲಾವಂಚದ ವಾಸನೆ ಚೆನ್ನಾಗಿಯೇ ಹತ್ತಿತ್ತು. "ಹ್ಯಾಂಗದ?" ಅಂತ ಫೋನ್ ಮಾಡಿ ಕೇಳಿದರು. ಭಾಳ ಚಲೋ ಅದ ಅಂದೆ.