ಚೀನಾದ ಪಕ್ಷದಲ್ಲಿ ಯಾರು ಎಷ್ಟು ಮೇಲೆ? ಪಟ್ಟಿ ಓದುವ ಬಗೆ

ಚೀನಾದ ಸುದ್ದಿ ಓದುವಾಗ ನಾನು ವರ್ಷಗಟ್ಟಲೆ 'ಅಧ್ಯಕ್ಷ' ಅನ್ನೋ ಪದಕ್ಕೇ ಜೋತುಬಿದ್ದಿದ್ದೆ. ನೋಡಬೇಕಾದ ಪದ ಕಮ್ಯುನಿಸ್ಟ್ ಪಕ್ಷದ 'ಪ್ರಧಾನ ಕಾರ್ಯದರ್ಶಿ'. ಷಿ ಜಿನ್‌ಪಿಂಗ್ ಅವರ ಬಲ ಇರುವುದು ಆ ಹುದ್ದೆಯಲ್ಲಿ, ಜೊತೆಗೆ ಸೇನೆಯನ್ನು ನಡೆಸುವ ಕೇಂದ್ರ ಮಿಲಿಟರಿ ಆಯೋಗದ ಮುಖ್ಯಸ್ಥ ಸ್ಥಾನದಲ್ಲಿ.

ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಬರೆಯಿರಿ. 5 ವರ್ಷಕ್ಕೊಮ್ಮೆ ಪಕ್ಷದ ಮಹಾಧಿವೇಶನ. 2022ರ ಅಕ್ಟೋಬರ್‌ನಲ್ಲಿ ನಡೆದ 20ನೆಯದು 205 ಪೂರ್ಣ ಸದಸ್ಯರ, 171 ಪರ್ಯಾಯ ಸದಸ್ಯರ ಕೇಂದ್ರ ಸಮಿತಿಯನ್ನು ಆರಿಸಿತು. ಆ ಸಮಿತಿ ಆರಿಸಿದ್ದು 24 ಜನರ ಪಾಲಿಟ್‌ಬ್ಯೂರೊ, ಅಂದರೆ ಪಕ್ಷದ ಉನ್ನತ ನಾಯಕರ ಮಂಡಳಿ. ಅದರೊಳಗೆ ಎಲ್ಲಕ್ಕಿಂತ ಮೇಲೆ 7 ಜನರ ಸ್ಥಾಯಿ ಸಮಿತಿ. ಕಾಗದದ ಮೇಲೆ ಕೆಳಗಿನವರು ಮೇಲಿನವರನ್ನು ಆರಿಸುತ್ತಾರೆ. ನಡೆಯುವುದು ಉಲ್ಟಾ, ಹೆಸರುಗಳು ಮೇಲಿನಿಂದಲೇ ಇಳಿದು ಬರುತ್ತವೆ.

ಈಗ ಮಜಾ ಇರುವ ಜಾಗ: ಹೆಸರುಗಳ ಸಾಲು. ಸ್ಥಾಯಿ ಸಮಿತಿಯದು ದರ್ಜೆಯ ಕ್ರಮ. 2022ರ ಅಕ್ಟೋಬರ್ 23ರಂದು ಏಳೂ ಜನ ಒಬ್ಬರ ಹಿಂದೊಬ್ಬರು ವೇದಿಕೆಗೆ ನಡೆದು ಬಂದರಲ್ವಾ, ಆ ಸಾಲೇ ಪಟ್ಟಿ. ಷಿ ಹಿಂದೆಯೇ ಲಿ ಚಿಯಾಂಗ್ ಬಂದರು. 2023ರ ಮಾರ್ಚ್‌ನಲ್ಲಿ ಅವರೇ ಪ್ರಧಾನಿಯಾದರು. ಆದರೆ ಪಾಲಿಟ್‌ಬ್ಯೂರೊ ಪಟ್ಟಿಯಲ್ಲಿ ಈ ಲೆಕ್ಕ ಹಾಕಬೇಡಿ. ಅಲ್ಲಿ ಮನೆತನದ ಹೆಸರಿನ ಚೀನೀ ಅಕ್ಷರ ಬರೆಯಲು ಎಷ್ಟು ಗೆರೆ ಅನ್ನುವುದರ ಮೇಲೆ ಕ್ರಮ. ನಾನು ಸುಮ್ನೆ ಅದರಲ್ಲೂ ದರ್ಜೆ ಹುಡುಕಿ ಒಂದು ಸಂಜೆ ಕಳೆದಿದ್ದೇನೆ! ಪರ್ಯಾಯ ಸದಸ್ಯರ ಪಟ್ಟಿ ಇನ್ನೂ ಬೇರೆ. ಅದು ಬಿದ್ದ ಮತಗಳ ಕ್ರಮ, ಕೊನೆಯಲ್ಲಿದ್ದವರಿಗೆ ಕಡಿಮೆ ಮತ. ಪೂರ್ಣ ಸದಸ್ಯರ ಜಾಗ ಖಾಲಿಯಾದರೆ ಮೇಲಿನಿಂದ ಒಬ್ಬೊಬ್ಬರಾಗಿ ತುಂಬುತ್ತಾರೆ.

ಸೆಕ್ರೆಟೇರಿಯಟ್ ಪಕ್ಷದ ದಿನನಿತ್ಯದ ಕೆಲಸ ನೋಡುತ್ತದೆ. ಪಕ್ಷದವರ ತಪ್ಪು, ಭ್ರಷ್ಟಾಚಾರ ತನಿಖೆ ಮಾಡುವ ಶಿಸ್ತು ಪರಿಶೀಲನಾ ಆಯೋಗವನ್ನು ಮಾತ್ರ ಹಾಳೆಯ ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಅದನ್ನೂ ಮಹಾಧಿವೇಶನವೇ ಆರಿಸುತ್ತದೆ.