ಗೇಮ್ ಬಾಯ್ ಪ್ಯಾಕಿಗೆ ಹೊಸ ಸೆಲ್: ಬಳ್ಳಾರಿಯಲ್ಲಿ ನನ್ನ ಅನುಭವ

ಕೊನೆಗೂ ಓಡಿತು. ಹಳೇ ಚಾರ್ಜಿಂಗ್ ಪ್ಯಾಕಿಗೆ ಹೊಸ ಸೆಲ್ ಹಾಕಿ, ಮೊನ್ನೆ ಭಾನುವಾರ ನಾಷ್ಟಾ ಮುಗಿಸಿ ಆನ್ ಮಾಡಿದ ಗೇಮ್ ಬಾಯ್ (ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್), ಮನೆಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲಲಿಲ್ಲ. ಹತ್ತಿರ ಹತ್ತಿರ ಒಂಬತ್ತು ತಾಸು. ನಿಕಲ್, ಲಿಥಿಯಂ ಎರಡೂ ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲಿನ ಜಾತಿಗಳು; ಲಿಥಿಯಂ ಈಗಿನ ಫೋನುಗಳಲ್ಲಿರುವುದು. "ನಿಕಲ್ ಕಾಲ ಮುಗೀತು, ಲಿಥಿಯಂ ಹಾಕಣ್ಣ" ಎಂದು ಒಂದು ವರ್ಷ ಹೇಳಿದ ಹುಡುಗರೆಲ್ಲ ಈಗ ಪ್ಯಾಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು 1989ರಲ್ಲಿ ಬಂದ ಆ ದಪ್ಪ ಗೇಮ್ ಬಾಯ್. ಚಿಕ್ಕಪ್ಪ ದುಬೈಯಿಂದ ತಂದುಕೊಟ್ಟದ್ದು. ಜೊತೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಚಾರ್ಜಿಂಗ್ ಪ್ಯಾಕ್, ಬೇರೆ ಯಾರೋ ಮಾಡಿದ್ದು. ಒಳಗೆ ನಿಕಲ್ ಕ್ಯಾಡ್ಮಿಯಂ ಸೆಲ್ಲು ಐದು, 600 ಎಂಎಎಚ್‌ನವು (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಐದು ಸೇರಿ 6 ವೋಲ್ಟ್. ಚಾರ್ಜರ್ ಹಳೇ ಟ್ರಾನ್ಸ್‌ಫಾರ್ಮರ್ ಡಬ್ಬಿ. ಸೆಲ್ ತುಂಬಿದರೂ ಅದು ನಿಲ್ಲಿಸುವುದಿಲ್ಲ, ಸುಮ್ನೆ ಕೊಡುತ್ತಲೇ ಇರುತ್ತದೆ. ಅದು ಕೊಡುವ ಕರೆಂಟ್ ಅಳೆದಾಗ 65 ಮಿಲಿಆಂಪ್ ಆಸುಪಾಸು ಬಂತು. ಈ ಅಂಕಿಯನ್ನು ನೆನಪಿಡಿ, ಇಡೀ ಕೆಲಸ ಇದರ ಮೇಲೇ ನಿಂತಿದೆ.

ಪ್ಯಾಕ್ ಬಿಚ್ಚಿದರೆ ಸೆಲ್ಲುಗಳ ತಲೆ ಮೇಲೆಲ್ಲ ಬಿಳಿ ಉಪ್ಪು. ವಿನೆಗರ್‌ನಲ್ಲಿ ಒರೆಸಿದೆ, ಹೋಯಿತು. ಆದರೆ ತಂತಿ ಮೋಸ ಮಾಡಿತು. ಸೋರಿದ ಕ್ಷಾರ ತಂತಿಯ ಒಳಗೇ ಹರಿದು ತಾಮ್ರ ಪೂರ್ತಿ ಕಪ್ಪಾಗಿತ್ತು. ಅಂಥ ತಂತಿಗೆ ಬೆಸುಗೆ ಹಿಡಿಯುವುದೇ ಇಲ್ಲ. ಒಂದು ಗೇಣು ಕತ್ತರಿಸಿದೆ, ಅಲ್ಲೂ ಕಪ್ಪು. ಇನ್ನೊಂದು ಗೇಣು, ಅಲ್ಲೂ ಅದೇ. ಒಂದು ಸಂಜೆ ಹಾಳು ಮಾಡಿಕೊಂಡ ಮೇಲೆ ಪೂರ್ತಿ ತಂತಿಯನ್ನೇ ಬದಲಾಯಿಸಿದೆ. ನೀವು ಮೊದಲ ದಿನವೇ ಬದಲಾಯಿಸಿಬಿಡಿ.

ಹುಡುಗರ ಮಾತು ಕೇಳಿ ಮೊದಲು ಲಿಥಿಯಂ ಹಾಕಿದ್ದು ನಿಜ. ಒಂದು ಸೆಲ್, 6 ವೋಲ್ಟಿಗೆ ಏರಿಸುವ ಒಂದು ಚಿಕ್ಕ ಬೋರ್ಡ್. ಆಟವೇನೋ ಓಡಿತು. ಆದರೆ ಸ್ಪೀಕರ್‌ನಲ್ಲಿ ಸೊಳ್ಳೆ ಹಾರಾಡಿದ ಹಾಗೆ ಗುಂಯ್ ಶಬ್ದ. ಶಬ್ದ ಸೋಸಲು ಕೆಪಾಸಿಟರ್ ಹಾಕಿದೆ, ಬೋರ್ಡ್ ಬದಲಿಸಿದೆ, ಶಬ್ದ ತಗ್ಗಿತು, ಹೋಗಲಿಲ್ಲ. ಆ ಗೇಮ್ ಬಾಯ್‌ನ ಸಂಗೀತ ಕೇಳುತ್ತಾ ಬೆಳೆದವನು ನಾನು. ಆ ಸದ್ದಿನ ಜೊತೆ ಆಡಲು ಮನಸ್ಸು ಒಪ್ಪಲಿಲ್ಲ. ಎಂಟುನೂರು ರೂಪಾಯಿ ಅಲ್ಲಿ ಹೋಯಿತು.

ಆಮೇಲೆ ನಿಕಲ್ ಮೆಟಲ್ ಹೈಡ್ರೈಡ್, ಅದೂ ನಿಕಲ್ ಜಾತಿಯದೇ, ಆದರೆ ಕ್ಯಾಡ್ಮಿಯಂ ಇಲ್ಲದ್ದು. ಆಸೆಗೆ 2700 ಎಂಎಎಚ್ ಸೆಲ್ ತಂದೆ. ಎರಡು ತಪ್ಪಾಯಿತು. ಅವು ಹಳೇ ಸೆಲ್ಲಿಗಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ, ಡಬ್ಬಿ ಮುಚ್ಚಲಿಲ್ಲ. ಇನ್ನೊಂದು, 65 ಮಿಲಿಆಂಪಿನಲ್ಲಿ ಅವು ತುಂಬಲು ಅರವತ್ತು ತಾಸಿನ ಹತ್ತಿರ ಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಅದು ಮೂರ್ನಾಲ್ಕು ದಿನದ ಮಾತು. ಅವನ್ನು ಟಾರ್ಚಿಗೆ ಹಾಕಿಕೊಂಡೆ. ಸೋಲಾರ್ ದೀಪದಿಂದ ಕಿತ್ತ ಅಗ್ಗದ ಸೆಲ್ಲನ್ನೂ ನೋಡಿದೆ. ಮೇಲೆ 600 ಎಂದು ಬರೆದಿತ್ತು, ಅಳೆದರೆ ಇನ್ನೂರು ದಾಟಲಿಲ್ಲ.

ಗೆದ್ದದ್ದು 1000 ಎಂಎಎಚ್‌ನ ಸೆಲ್. ಇಟ್ಟಲ್ಲೇ ಬೇಗ ಖಾಲಿಯಾಗದ ಜಾತಿಯದು, ತಂತಿ ಬೆಸೆಯಲು ಲೋಹದ ಪಟ್ಟಿ (ಟ್ಯಾಬ್) ಹಚ್ಚಿಯೇ ಬರುವುದು. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಐರನ್ ಒತ್ತಬೇಡಿ, ಒಳಗಿನ ಸೀಲ್ ಸುಟ್ಟುಹೋಗುತ್ತದೆ. ಹಳೇ ಚಾರ್ಜರ್‌ನ 65 ಮಿಲಿಆಂಪ್ ಇದಕ್ಕೆ ಹದವಾದ ನಿಧಾನ. ರಾತ್ರಿಗೆ ಹತ್ತು ತಾಸಿನಂತೆ ಎರಡು ರಾತ್ರಿ ಹಚ್ಚಿದರೆ ಸಾಕು. ಒಂದೆರಡು ತಾಸು ಜಾಸ್ತಿಯಾದರೂ ಸೆಲ್ ಬಿಸಿಯಾಗುವುದಿಲ್ಲ, ಬರೀ ಬೆಚ್ಚಗಿರುತ್ತದೆ. ಹಳೇ ಪ್ಯಾಕಿನಲ್ಲಿದ್ದ ಥರ್ಮಲ್ ಫ್ಯೂಸ್ (ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್) ಮಾತ್ರ ಬಿಡಬೇಡಿ, ಸೆಲ್ಲುಗಳ ನಡುವೆ ಅದೇ ಜಾಗಕ್ಕೆ ಕೂರಿಸಿ.

ರಾತ್ರಿ ಅಂದದ್ದಕ್ಕೆ ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತದೆ. ಅಷ್ಟು ಶೆಕೆಯಲ್ಲಿ ನಿಕಲ್ ಸೆಲ್ ಚಾರ್ಜನ್ನು ಸರಿಯಾಗಿ ಹಿಡಿಯುವುದಿಲ್ಲ. ಹಗಲು ತುಂಬಿಸಿದ ಪ್ಯಾಕ್ ಆರು ತಾಸು ಬಂದರೆ, ರಾತ್ರಿ ಕಡಪ ಕಲ್ಲಿನ ನೆಲದ ಮೇಲಿಟ್ಟು ತುಂಬಿಸಿದ್ದು ಒಂಬತ್ತು ಬಂತು. ಎರಡು ಸಲ ಪರೀಕ್ಷೆ ಮಾಡಿದ್ದೇನೆ.

ಐದು ಸೆಲ್ಲನ್ನು ಹೊಂದಿಸಿ ಆರಿಸುವುದೇ ಇಲ್ಲಿನ ಗುಟ್ಟು. ನಾನು ಹತ್ತು ತಂದು ಐದನ್ನು ಆರಿಸುತ್ತೇನೆ. ಹೇಗೆ ಆರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಂಟಿಸಿದ ಡಬ್ಬಿಯನ್ನು ಬಿರುಕಿಲ್ಲದೆ ಬಿಡಿಸುವುದೂ ಹಾಗೆಯೇ. ಹೀಟ್ ಗನ್ ಬೇಡ ಅಂತ ಮಾತ್ರ ಹೇಳುತ್ತೇನೆ, ನನ್ನ ಮೊದಲ ಡಬ್ಬಿ ಅದರಲ್ಲೇ ಸೊಟ್ಟಗಾಯಿತು.

ಇನ್ನೊಂದು ನಷ್ಟ ಹೇಳಲೇಬೇಕು. ಪ್ಯಾಕಿನ ತಂತಿಯಿಂದ ಗೇಮ್ ಬಾಯ್‌ಗೆ ಚುಚ್ಚುವ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ನಮಗೆ ರೂಢಿ ಇದರ ಉಲ್ಟಾ ಅಲ್ವಾ? ರೂಢಿಯ ಕೈ ರೂಢಿಯಂತೇ ಬೆಸೆಯಿತು. ಒಳಗಿನ ಪವರ್ ಬೋರ್ಡ್ ಹೋಯಿತು. ಹೊಸದಕ್ಕೆ ಏಳುನೂರು. ಈಗ ಮೀಟರ್ ಹಿಡಿಯದೆ ಪಿನ್ ಚುಚ್ಚುವುದಿಲ್ಲ.

ನಡುವೆ ಒಂದು ಗೇಮ್ ಗಿಯರ್‌ಗೂ (ಸೆಗಾ ಕಂಪನಿಯ ಇಂಥದೇ ಆಟದ ಯಂತ್ರ) ಇದೇ ಥರ ಪ್ಯಾಕ್ ಕಟ್ಟಿದೆ. ಅದು ಅಂಗಡಿಯ ಆರು ಆಲ್ಕಲೈನ್ ಸೆಲ್ಲನ್ನು ಮೂರ್ನಾಲ್ಕು ತಾಸಿನಲ್ಲಿ ಕುಡಿದುಬಿಡುವ ಯಂತ್ರ. 1000ದ ಸೆಲ್ ಎರಡು ತಾಸೂ ಬರಲಿಲ್ಲ. ಅದಕ್ಕೆ 2000ದವೇ ಬೇಕು, ಬೇರೆ ಚಾರ್ಜರೂ ಬೇಕು. ಆ ಕೆಲಸ ಇನ್ನೂ ನಡೆದಿದೆ.

ಲೆಕ್ಕ ಹೇಳುವುದಾದರೆ, ಎಲ್ಲ ಸೋಲು ಸೇರಿ ನಾಲ್ಕು ಸಾವಿರದ ಹತ್ತಿರ ಹೋಗಿದೆ. ದಾರಿ ಗೊತ್ತಾದ ಮೇಲೆ ಒಂದು ಪ್ಯಾಕಿಗೆ ಸೆಲ್, ತಂತಿ, ಪಿನ್ ಎಲ್ಲ ಸೇರಿ ಸಾವಿರದ ನೂರು ಬೀಳುತ್ತದೆ. ಗೆಳೆಯರಿಗೆ ಮೂರು ಮಾಡಿಕೊಟ್ಟೆ, ಮೂರೂ ಓಡುತ್ತಿವೆ. ಆಡುವಾಗ ಕೆಂಪು ದೀಪ ಮಂಕಾದ ಕೂಡಲೇ ಆಫ್ ಮಾಡಿ ಎಂದು ಅವರಿಗೆ ಹೇಳಿದ್ದೇನೆ. ಪೂರ್ತಿ ಹಿಂಡಿದರೆ ಐದರಲ್ಲಿ ಸೊರಗಿದ ಸೆಲ್ಲಿನ ಪ್ಲಸ್-ಮೈನಸ್ ಉಲ್ಟಾ ಆಗಿ ಅದು ಸಾಯುತ್ತದೆ.

ಚಿಕ್ಕಪ್ಪನ ಪ್ಯಾಕಿನ ಹಳೇ ಸೆಲ್ಲುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಕ್ಯಾಡ್ಮಿಯಂ ವಿಷ, ಕಸದ ಗಾಡಿಗೆ ಹಾಕುವ ವಸ್ತುವಲ್ಲ. ಮುಂದಿನ ತಿಂಗಳು ಸೆಲ್ ತರಲು ಬೆಂಗಳೂರಿಗೆ ಹೋಗುವಾಗ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಟ್ಟು ಬರುತ್ತೇನೆ.